ಅಪ್ಪನ ಹೊಲದಲ್ಲಿ ಕುರಿ ತರುಬಿದ್ದು

ಧೂಳಪ್ಪ ಮೂರನೇ ಇಯತ್ತೆಗೆ ಶಾಲೆ ಬಿಟ್ಟ. ಬಿಟ್ಟ ಅನ್ನುವುದು ತಪ್ಪು, ಬಿಡಿಸಿದರು. ಇಂಡಿ ಸೀಮೆಯ ಆ ಊರಲ್ಲಿ ಎಲ್ಲರ ದನಕರು ಮೇಯಲೆಂದು ಬಿಟ್ಟ ಗಾಯರಾಣ ಕಣ್ಣು ಹಾಯುವಷ್ಟು ದೂರ ಹಬ್ಬಿತ್ತು. ಅಷ್ಟು ಹುಲ್ಲಿರುವಾಗ ಕುರುಬರ ಹುಡುಗನಿಗೆ ಅಕ್ಷರ ಯಾಕೆ ಎಂದು ಅಪ್ಪ ಕಾಳಪ್ಪ ಅವನ ಹೆಗಲಿಗೆ ಕಂಬಳಿ ಹಾಕಿ ಹಿಂಡಿನ ಹಿಂದೆ ಕಳಿಸಿದ. ಹೋದ ಪುಣ್ಯಾತ್ಮ. ಬೆಳೆದು ಗಂಡಸಾಗುವ ತನಕ ಕುರಿಗಳ ಜೊತೆಗೇ ಮಾತು, ಅವುಗಳ ಜೊತೆಗೇ ಜಗಳ. ಓರಗೆಯವರು ಬಾಗೇವಾಡಿಯ ಕಾಲೇಜು, ಸಿಂದಗಿಯ ಸಿನಿಮಾ ಎಂದು ಹರಟುವಾಗ ಇವನ ಹತ್ತಿರ ಹೇಳಲು ಏನೂ ಇರುತ್ತಿರಲಿಲ್ಲ. ಸ್ವಂತ ಮನೆಗೆ ಬಂದರೂ ಬೀಗನಂತೆ ಪಡಸಾಲೆಯಲ್ಲಿ ತುಸು ಕೂತು ಎದ್ದು ಹೋಗುತ್ತಿದ್ದ.

ಎಪ್ಪತ್ತಾರನೇ ಇಸವಿಯಲ್ಲಿ ಊರ ಹಿರಿಯರು ಹನುಮಂತದೇವರ ಕಟ್ಟೆಯ ಮೇಲೆ ಕೂತು, ಗಾಯರಾಣವನ್ನು ತಮ್ಮತಮ್ಮಲ್ಲೇ ಹಂಚಿಕೊಂಡು ಉಳುವುದೆಂದು ಮಾತಾಡಿದರು. ಮದುವೆಯಾಗದವನು ಆ ಕಟ್ಟೆ ಹತ್ತಿ ಮಾತಾಡುವಂತಿಲ್ಲ. ಅದು ಊರಿನ ರೂಢಿ. ಧೂಳಪ್ಪನಿಗೆ ಹೆಣ್ಣು ಸಿಕ್ಕಿರಲಿಲ್ಲ. ಬಯಲಲ್ಲಿ ಮಲಗುವವನಿಗೆ ಮಗಳನ್ನು ಯಾರು ಕೊಡುತ್ತಾರೆ? ಕೆಳಗೆ ನಿಂತು ಕೇಳಿದ. ಊರ ಹಿರೇಮನುಷ್ಯ ಬಸಂತರಾಯ ಒಬ್ಬೊಬ್ಬರ ಒಪ್ಪಿಗೆ ಕೇಳುತ್ತ ಬಂದಾಗ ಕಾಳಪ್ಪನೂ ಹೂಂ ಅಂದ. ಅಯ್ಯ ಶಿವನೇ, ಮಗ ಅಲ್ಲೇ ಎದುರಿಗೆ ನಿಂತಿದ್ದಾನೆ, ಒಂದು ಸಲ ಆ ಕಡೆ ನೋಡಬಾರದೇ!

ಮನೆಯ ದಾರಿಯಲ್ಲಿ ಅಪ್ಪ ಸಮಾಧಾನ ಹೇಳಿದ. ಕುರಿ ಮಾರಿಬಿಡು, ಹೊಲ ಮಾಡು, ಇದೆಲ್ಲ ನಿನ್ನ ಸಲುವಾಗಿಯೇ ಎಂದ. ಧೂಳಪ್ಪನಿಗೆ ನೇಗಿಲು ಹಿಡಿದು ಗೊತ್ತಿಲ್ಲ, ಓದಲು ಬಾರದು. ಗೊತ್ತಿದ್ದ ಒಂದೇ ಬದುಕಿಗೆ ಹುಲ್ಲು ಬೇಕು.

"ಹುಲ್ಲ ಐತಿ ಅಂತ ಸಾಲಿ ಬಿಡಿಸಿದಿ. ಈಗ ಆ ಹುಲ್ಲೂ ನೀವ ಹಂಚಿಕೊಂಡ್ರಿ. ನನಗೇನ ಉಳಿಸೀರಿ, ಯಪ್ಪಾ?"

ಕಾಳಪ್ಪ ಈಗಿನ ಹುಡುಗರಿಗೆ ದೊಡ್ಡವರು ಸಣ್ಣವರು ಇಲ್ಲ ಎಂದು ಗೊಣಗುತ್ತ ಮುಂದೆ ನಡೆದ.

ಧೂಳಪ್ಪ ಕುರಿ ಮಾರಲಿಲ್ಲ. ಚಡಚಣದ ಕಡೆಗೆ ಹೊರಟು, ಸುಗ್ಗಿಯ ರಾಶಿ ಮುಗಿದ ಮಂದಿಯ ಹೊಲಗಳಲ್ಲಿ ಮೇಯಿಸುತ್ತ ತಿರುಗಿದ. ರಾತ್ರಿ ಯಾರ ಹೊಲದಲ್ಲಿ ಹಿಂಡನ್ನು ತರುಬಿ ಮಲಗಿಸುತ್ತಾರೋ ಅವರಿಗೆ ಗೊಬ್ಬರ, ಕುರುಬನಿಗೆ ಜೋಳ. ಇದು ಹಿಂದಿನಿಂದ ನಡೆದು ಬಂದದ್ದು. ಸಂಜೆ ಯಾರದೋ ಬದುವಿನ ಮೇಲೆ ಒಬ್ಬನೇ ರೊಟ್ಟಿ ಸುಟ್ಟುಕೊಳ್ಳುವಾಗ ಅವ್ವ ಸುಂದರವ್ವನ ನೆನಪಾಗುತ್ತಿತ್ತು. ಹೇಳಿಕೊಳ್ಳೋಣವೆಂದರೆ ಅಲ್ಲಿ ಯಾರಿದ್ದಾರೆ?

ಮರುವರ್ಷದ ಬೇಸಿಗೆಯಲ್ಲಿ ಕಾಳಪ್ಪ ಹುಡುಕಿಕೊಂಡು ಬಂದ. ಗಾಯರಾಣದಲ್ಲಿ ಅವನ ಪಾಲಿಗೆ ಬಂದದ್ದು ಗರಸುಕಲ್ಲಿನ ನೆಲ, ಬಿತ್ತಿದ ಜೋಳ ಮೊಣಕಾಲೆತ್ತರಕ್ಕೇ ಸೊರಗಿ ನಿಂತಿತ್ತು. ಗೊಬ್ಬರವಿಲ್ಲದೆ ಆಗುವಂತಿರಲಿಲ್ಲ. ಮಗನ ಮುಖ ನೋಡದೆ, ನಮ್ಮ ಹೊಲದಲ್ಲೂ ನಾಲ್ಕು ದಿನ ತರುಬು ಎಂದ. ಧೂಳಪ್ಪ ಇಲ್ಲ ಅನ್ನಲಿಲ್ಲ. ತಾನು ಬೆಳೆದ ಗಾಯರಾಣಕ್ಕೇ ಬಂದು ಕುರಿ ತರುಬಿದ. ಉಣ್ಣಲು ಬಾ ಎಂದು ಅವ್ವ ದಿನಾ ಹೇಳಿಕಳಿಸಿದಳು. ಹೋಗಲಿಲ್ಲ. ಆಸೆಯಿತ್ತು, ಕಾಲು ಏಳಲಿಲ್ಲ.

ಹೊರಡುವ ಮುಂಜಾನೆ ಅಪ್ಪ ಬರಿಗೈಯಲ್ಲಿ ಬಂದ.

"ಜ್ವಾಳ ಕೊಡು," ಅಂದ ಧೂಳಪ್ಪ.

"ಹಡೆದ ಅಪ್ಪಗ ಜ್ವಾಳ ಕೇಳ್ತಿಯೇನೋ?"

"ಹೊಲದವರಿಗೆ ಕೇಳಾಕತ್ತೇನಿ."

ಕಾಳಪ್ಪ ಮನೆಗೆ ಹೋಗಿ ಚೀಲ ಹೊತ್ತು ತಂದ. ಸೇರಿನಲ್ಲಿ ಜೋಳ ರಾಶಿಯಾಗಿ ಏಳುವಂತೆ ತುಂಬಿ ತುಂಬಿ ಅಳೆದ. ಧೂಳಪ್ಪ ಒಂದೊಂದು ಸೇರಿನ ಮೇಲಿನ ರಾಶಿಯನ್ನೂ ಅಂಗೈಯಿಂದ ಸವರಿ ತಿರುಗಿ ಅಪ್ಪನ ಚೀಲಕ್ಕೇ ಬಿಟ್ಟ. ಮಂದಿ ಕೊಡುವಷ್ಟನ್ನೇ ಕಂಬಳಿಯಲ್ಲಿ ಕಟ್ಟಿಕೊಂಡು, ಹಿಂಡು ಹೊಡೆದುಕೊಂಡು ಹೋದ.