ಸ್ಟೇಷನ್ ರಸ್ತೆಗೆ ಹತ್ತು ಕಲ್ಲು

ನಾನಾಗ ಜೂನಿಯರ್ ಎಂಜಿನಿಯರ್ ಆಗಿದ್ದ ಪುರಸಭೆಯ ಹೆಸರು ಹೇಳುವುದಿಲ್ಲ. ಶಹಾಬಾದ್, ವಾಡಿ ಕಡೆಯ ಊರು ಎಂದರೆ ಸಾಕು. ಊರನ್ನು ಚಂದಗಾಣಿಸಲು ಒಂದಿಷ್ಟು ಅನುದಾನ ಬಂದಿತ್ತು. ವರ್ಷದೊಳಗೆ ಖರ್ಚಾಗದಿದ್ದರೆ ವಾಪಸ್ ಹೋಗುತ್ತಿತ್ತು. ಸಭೆಯಲ್ಲಿ ಒಬ್ಬ ಸದಸ್ಯರು ಚಿಂಚೋಳಿ ಕಾಡಿನ ನೆನಪಿಗೆ ಸಿಮೆಂಟಿನ ಜಿಂಕೆ ಬೇಕೆಂದರು, ಇನ್ನೊಬ್ಬರು ಸೆಲ್ಫಿ ತೆಗೆದುಕೊಳ್ಳಲು ಊರ ಹೆಸರಿನ ಲೈಟಿನ ಅಕ್ಷರ ಬೇಕೆಂದರು. ಮನೆಗಳ ನೆಲಕ್ಕೆ ಹಾಸುವ ಪರಸಿ ಕಲ್ಲೇ ಮಣ್ಣಿನಡಿಯೆಲ್ಲ ಇರುವ ಊರಿಗೆ ಸಿಮೆಂಟ್ ಜಿಂಕೆ ಏಕೆ ಎಂದು ನಾನು ಬಾಯಿ ಹಾಕಿದೆ. ಸ್ಟೇಷನ್ ರಸ್ತೆಯ ಬದಿಗೆ ಕೆತ್ತನೆಯ ಹತ್ತು ಕಲ್ಲು ನಿಲ್ಲಿಸುವುದೆಂದು ತೀರ್ಮಾನವಾಯಿತು.

ತೊಡಕು ಆಮೇಲೆ ಶುರುವಾಯಿತು. ಸರ್ಕಾರದ ದರಪಟ್ಟಿಯಲ್ಲಿ ಚರಂಡಿಗೆ ದರವಿದೆ, ಕಲೆಗೆ ಇಲ್ಲ. ಕಾಂಪೌಂಡಿಗೆ ಕಲ್ಲು ನಿಲ್ಲಿಸುವ ಬಾಬ್ತು ಹುಡುಕಿ, ‘ಕೆತ್ತನೆ ಸಹಿತ’ ಎಂದು ಎರಡು ಪದ ಸೇರಿಸಿ, ಚದರ ಮೀಟರಿಗೆ ಇಷ್ಟು ಎಂದು ಅಂದಾಜುಪಟ್ಟಿ ಬರೆದೆ. ಮಂಜೂರಾಯಿತು. ಮೇಲಿನವರು ಬೆನ್ನು ತಟ್ಟಿದರು, ನಾನೂ ಉಬ್ಬಿದೆ.

ಕೆಲಸ ಹಿಡಿದವರು ಪಾಲಿಶ್ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಕಲ್ಲು ಕೊಯ್ದಿದ್ದ ಒಬ್ಬರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ದರ ಕಡಿಮೆಯಾಯಿತಲ್ಲ, ಪೂರೈಸುತ್ತದೆಯೇ ಎಂದು ಕೇಳಿದ್ದಕ್ಕೆ ನಕ್ಕಿದ್ದರು.

“ಇಷ್ಟ್ ವರ್ಷ ನಾ ಕೊಯ್ದ ಕಲ್ಲಿನ ಮ್ಯಾಗ ಮಂದಿ ಬರೇ ನಡದಾಡ್ಯಾರ್ರಿ ಸಾಹೇಬ್ರ. ಒಂದರ ಕಲ್ಲು ಅವರು ನಿಂತು ನೋಡಬೇಕಂತ ಆಸೆ ಅದ.”

ಮೊದಲ ಕಲ್ಲಿಗೆ ಎರಡು ತಿಂಗಳು ಹಿಡಿಯಿತು. ಆಳೆತ್ತರದ ಕಲ್ಲಿನಲ್ಲಿ ಒಂದು ತೊಗರಿ ಗಿಡ; ಎಲೆ, ಕಾಯಿ ಎಲ್ಲವನ್ನೂ ಆಚೆ ಬದಿ ಕಾಣುವಂತೆ ಆರಪಾರ ಕೊರೆದಿದ್ದರು. ಸಂಜೆ ಬಿಸಿಲು ಹಿಂದಿನಿಂದ ಬಿದ್ದಾಗ ಗಿಡ ರಸ್ತೆಯ ಮೇಲೆ ಬೆಳಕಾಗಿ ಮಲಗುತ್ತಿತ್ತು. ನಾಲವಾರದ ಕಡೆಯ ರೈಲಿಳಿದು ಬಂದವರು ಚೀಲ ಕೆಳಗಿಟ್ಟು ನೋಡಿದರು. ಒಬ್ಬ ಹೆಂಗಸು ಆ ಬೆಳಕನ್ನು ತುಳಿಯದೆ ಸುತ್ತು ಹಾಕಿ ಹೋದಳು. ಕಾಕಾ ಎದುರಿನ ಚಹಾದಂಗಡಿಯಲ್ಲಿ ಕುಳಿತು ಅದನ್ನೆಲ್ಲ ನೋಡುತ್ತಿದ್ದರು. ಕಪ್ಪಿನಲ್ಲಿದ್ದ ಚಹಾ ಕುಡಿಯುವುದನ್ನೇ ಮರೆತಿದ್ದರು.

ಮರುದಿನ ನಾನು ಟೇಪು ಹಿಡಿದು ಹೋದೆ. ಗೋಡೆ ಅಳೆಯುವಾಗ ಕಿಟಕಿ ಬಾಗಿಲಿನ ಜಾಗ ಕಳೆಯುತ್ತೇವೆ. ಸಣ್ಣ ತೆರಪುಗಳನ್ನು ಕಳೆಯದೆ ಬಿಡಬಹುದೆಂದು ನಿಯಮವೇ ಹೇಳುತ್ತದೆ. ಆದರೆ ಆಡಿಟ್‌ನವರ ಭಯ. ಗ್ರಾಫ್ ಕಾಗದ ಇಟ್ಟು ಒಂದೊಂದು ಎಲೆಯನ್ನೂ ಅಳೆದು, ಎಲ್ಲ ಕೂಡಿಸಿ, ಒಂದು ಕಿಟಕಿ ಎಂದು ಬರೆದು ಕಳೆದೆ. ಇಂಥ ಅಚ್ಚುಕಟ್ಟು ಯಾರು ಮಾಡುತ್ತಾರೆ ಎಂಬ ಜಂಬ ಬೇರೆ.

ಕಾಕಾ ಅಳತೆ ಪುಸ್ತಕವನ್ನು ಬಹಳ ಹೊತ್ತು ನೋಡಿದರು.

“ಇದೇನ್ರಿ, ಗಿಡಾನೇ ಕಳದೀರಲ್ಲ?”

“ಕಾಕಾ, ಅಲ್ಲಿ ಕಲ್ಲಿಲ್ಲಲ್ಲ. ಇಲ್ಲದ್ದಕ್ಕ ರೇಟ್ ಹ್ಯಾಂಗ್ ಹಾಕ್ಲಿ?”

“ಅದನ್ನ ಇಲ್ಲದಂಗ ಮಾಡ್ಲಿಕ್ಕೇ ಎರಡು ತಿಂಗಳ ಆಗ್ಯಾದ್ರಿ.”

ನಾನು ನಿಯಮ ಹೇಳಿದೆ. ಅರ್ಧ ನಿಯಮ. ಅವರು ಜಗಳಕ್ಕೆ ಬರಲಿಲ್ಲ, ಸಹಿ ಹಾಕಿ ಹೋದರು. ಬೈದಿದ್ದರೆ ಚೆನ್ನಾಗಿತ್ತು ಎಂದು ಇವತ್ತಿಗೂ ಅನಿಸುತ್ತದೆ.

ಉಳಿದ ಒಂಬತ್ತು ಕಲ್ಲು ಹದಿನೈದೇ ದಿನದಲ್ಲಿ ಬಂದು ನಿಂತವು. ನುಣುಪಾದ, ಬೋಳು ಕಲ್ಲುಗಳು. ಅಂಚಿನಲ್ಲಿ ಸುತ್ತಲೂ ಉಳಿಯಿಂದ ಎಳೆದ ಒಂದೊಂದು ಗೆರೆ.

“ಇದರಾಗ ಕೆತ್ತನಿ ಎಲ್ಲದ ಕಾಕಾ?” ಎಂದೆ.

“ಗೆರಿ ಅದಲ್ರಿ. ಕಾಗದದಾಗ ಎಷ್ಟು ಕೆತ್ತಬೇಕಂತ ಬರದಿಲ್ಲ. ಅಳೀರಿ ಸಾಹೇಬ್ರ, ಕಳ್ಯಾದೇನೂ ಇಲ್ಲ.”

ದನಿಯಲ್ಲಿ ಸಿಟ್ಟಿರಲಿಲ್ಲ. ನನಗೆ ಅನುಕೂಲ ಮಾಡಿಕೊಟ್ಟವರಂತೆ ಟೇಪಿನ ಇನ್ನೊಂದು ತುದಿಯನ್ನು ತಾವೇ ಹಿಡಿದು ನಿಂತರು. ಒಂಬತ್ತನ್ನೂ ಅಳೆದೆ. ಪೂರ್ತಿ ಅಳತೆ ಬಂತು. ‘ಕೆಲಸ ತೃಪ್ತಿಕರ’ ಎಂದು ಬರೆದು ನಾನೇ ಸಹಿ ಹಾಕಿದೆ.