ಬಲಗಡೆ ಬಿದ್ದ ಸೇವಂತಿಗೆ

ಅಕ್ಕ, ನಿನ್ನನ್ನು ಬೆಂಗಳೂರಿಗೆ ಕೊಡಿ ಎಂದು ಮಾರಮ್ಮ ಹೇಳಲಿಲ್ಲ. ಹೇಳಿಸಿದವಳು ನಾನು.

ಇನ್ನೂ ಆಣೆ, ಪಾವಲಿ ನಡೆಯುತ್ತಿದ್ದ ಕಾಲ. ನಿನಗೆ ಒಂದೇ ವಾರದಲ್ಲಿ ಎರಡು ಸಂಬಂಧ ಬಂದವು. ಒಂದು ತುಮಕೂರಿನದು — ಸ್ವಂತ ಮನೆ, ಹಿತ್ತಲಲ್ಲಿ ಬಾವಿ, ಹುಡುಗ ಶಾಲೆಯ ಮೇಷ್ಟ್ರು. ಇನ್ನೊಂದು ಬೆಂಗಳೂರಿನದು — ಯಶವಂತಪುರದ ವಠಾರದಲ್ಲಿ ಬಾಡಿಗೆ ಮನೆ, ಹುಡುಗ ಗಿರಣಿಯಲ್ಲಿ ಗುಮಾಸ್ತ. ಅಪ್ಪನಿಗೆ ಎರಡನ್ನೂ ಬಿಡಲು ಮನಸ್ಸಿಲ್ಲ. ನಮ್ಮ ಕೆಂಪಾಪುರದವರು ಎತ್ತು ಕೊಳ್ಳುವುದಕ್ಕೂ ದೇವರಲ್ಲಿ ಹೂ ಕೇಳುವವರು, ಮಗಳನ್ನು ಕೊಡುವಾಗ ಬಿಡುತ್ತಾರೆಯೇ? ಮಾರಮ್ಮನ ಎರಡು ಭುಜಕ್ಕೂ ಹೂ ಅಂಟಿಸುವುದು, ಬಲಗಡೆಯದು ಮೊದಲು ಬಿದ್ದರೆ ಬೆಂಗಳೂರು, ಎಡಗಡೆಯದಾದರೆ ತುಮಕೂರು ಎಂದು ತೀರ್ಮಾನವಾಯಿತು. ನಿನ್ನನ್ನು ಮಾತ್ರ ಯಾರೂ ಕೇಳಲಿಲ್ಲ.

ಆದರೆ ನನಗೆ ಗೊತ್ತಿತ್ತು. ಹಿಂದಿನ ದಿನ ನೀನು ರಾಗಿ ಬೀಸುತ್ತಾ, ತಲೆ ಎತ್ತದೆ, ನನ್ನೊಬ್ಬಳಿಗೇ ಹೇಳಿದ್ದೆ: "ಆ ತುಮಕೂರಿನೋರು ನಗ್ತಾ ಮಾತಾಡ್ತಾರೆ ಕಣೇ."

ಅಷ್ಟು ಕೇಳಿಯೂ — ಥೂ, ನನ್ನ ಬುದ್ಧಿಗಿಷ್ಟು! ನೀನು ಬೆಂಗಳೂರಿನಲ್ಲಿದ್ದರೆ ನಾನು ಆಗಾಗ ಬರಬಹುದು, ಮೆಜೆಸ್ಟಿಕ್ಕಿನಲ್ಲಿ ಸಿನಿಮಾ ನೋಡಬಹುದು, ಮಸಾಲೆ ದೋಸೆ ತಿನ್ನಬಹುದು. ತುಮಕೂರಿಗೆ ಹೋಗಿ ಏನು ನೋಡಲಿ, ಬಾವಿಯನ್ನೇ? ನನ್ನ ತಲೆಯಲ್ಲಿದ್ದದ್ದು ಇಷ್ಟೇ.

ಪೂಜಾರಿ ತಾತನಿಗೆ ಕಣ್ಣು ಮಂಜು. ಹೂವನ್ನು ನೀರಿನಲ್ಲಿ ಅದ್ದಿ ಅವನ ಕೈಗಿಡುವ ಕೆಲಸ ನನ್ನದಾಯಿತು. ಎಡಗಡೆಗೆಂದು ಕೊಟ್ಟ ಹೂವಿನ ಬೆನ್ನಿಗೆ ಗಟ್ಟಿ ಗಂಧ ಮೆತ್ತಿದೆ. ಬಲಗಡೆಗೆ ದಪ್ಪ ಸೇವಂತಿಗೆಯನ್ನು ಬರೀ ನೀರಿನಲ್ಲಿ ಮುಳುಗಿಸಿ ಕೊಟ್ಟೆ. ಅಪ್ಪ ಕೈಮುಗಿದು ಕಣ್ಣು ಮುಚ್ಚುವಷ್ಟರಲ್ಲೇ ಅದು ಪೊತ್ತೆಂದು ಬಿತ್ತು. ಅಪ್ಪ ಅತ್ತೇಬಿಟ್ಟ.

ಇಷ್ಟಕ್ಕೇ ಮುಗಿಯಿತೇ? ಎಡಗಡೆಯದು ಬೀಳಲೇ ಇಲ್ಲ. ಎರಡು ದಿನ ಬಿಟ್ಟು ಪೂಜಾರಿ ತಾತ ಮನೆಗೇ ಬಂದ. "ಹೂ ಒಣಗಿದ್ರೂ ಬಿಟ್ಟಿಲ್ಲ ಗೌಡ್ರೇ. ತಾಯಿಗೆ ತುಮಕೂರು ಸುತರಾಂ ಬ್ಯಾಡ." ಊರಿಗೆ ಊರೇ ಆ ಪವಾಡ ನೋಡಲು ಹೋಯಿತು. ನಾನೂ ಹೋಗಿ ಅಡ್ಡಬಿದ್ದೆ — ಬೇರೆ ದಾರಿ ಇರಲಿಲ್ಲ.

ಭಾವ ಒಳ್ಳೆಯವರೇ, ಸುಳ್ಳು ಹೇಳಬಾರದು. ಆದರೆ ಅವರ ಬಾಯಿಂದ ಒಂದು ಮಾತು ಬೀಳುವುದು ಆ ಎಡಗಡೆಯ ಹೂವಿನಷ್ಟೇ ಕಷ್ಟ. ಸಿನಿಮಾ ಎಂದರೆ ಕತ್ತಲಲ್ಲಿ ಕೂತು ಕಣ್ಣು ಹಾಳು ಎನ್ನುತ್ತಿದ್ದರು. ನಾನು ಮೆಜೆಸ್ಟಿಕ್ ನೋಡಿದ್ದು ಬಸ್ಸು ಬದಲಾಯಿಸುವಾಗ ಮಾತ್ರ. ನೀನೋ, ವಠಾರದ ನಲ್ಲಿಯ ಮುಂದೆ ಕೊಡ ಹಿಡಿದು ನಿಂತೇ ಇರುತ್ತಿದ್ದೆ. ಬೇಸರ ಎಂದರೆ ಮಾರಮ್ಮನಿಗೆ ಅಪಚಾರವಾದೀತೆಂದು ತುಟಿ ಪಿಟಕ್ಕೆನ್ನಲಿಲ್ಲ.

ಮುಂದೆ ಆ ತುಮಕೂರಿನವರೇ ನನ್ನನ್ನು ಕೇಳಿಕೊಂಡು ಬಂದರಲ್ಲ — ಅಪ್ಪ ಈ ಸಲ ಗುಡಿಯ ಕಡೆ ತಲೆ ಹಾಕಲಿಲ್ಲ. ತಾಯಿ ಬೇಡ ಎಂದದ್ದು ದೊಡ್ಡವಳಿಗೆ ಮಾತ್ರ ಎಂದು ತಾನೇ ತೀರ್ಪು ಕೊಟ್ಟ. ಆಗಲಾದರೂ ನಾನು ಬಾಯಿ ಬಿಟ್ಟಿದ್ದರೆ... ಬಿಡಲಿಲ್ಲ. ನಿನಗೆ ಹಿಡಿಸಿದ್ದ ಮನುಷ್ಯನನ್ನು ಕಟ್ಟಿಕೊಂಡೆ. ಸುಖವಾಗಿದ್ದೇನೆ ಅಕ್ಕ, ಅದನ್ನು ಹೇಳುವುದಕ್ಕೇ ನಾಚಿಕೆ.

ಹೋದ ತಿಂಗಳು ನಮ್ಮನ್ನು ರೈಲು ಹತ್ತಿಸಲು ಯಶವಂತಪುರದ ಸ್ಟೇಷನ್ನಿಗೆ ಬಂದಿದ್ದೆ. ಇವರು ತಮ್ಮ ಶಾಲೆಗೆ ಬಂದ ಇನ್‌ಸ್ಪೆಕ್ಟರು ಕುರ್ಚಿ ಸಮೇತ ಬಿದ್ದ ಕಥೆ ಹೇಳಿದರು. ನೀನು ಬಾಯಿಗೆ ಸೆರಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕೆ. ಆಮೇಲೆ ನನ್ನ ಕಿವಿಯಲ್ಲಿ ಅಂದೆ: "ನಾನ್ ಇಷ್ಟು ನಕ್ಕು ಎಷ್ಟ್ ಕಾಲ ಆಯ್ತೇ. ನೀನು ಪುಣ್ಯ ಮಾಡಿದ್ದೆ ಬಿಡು."

ನಾನು ಮಾಡಿದ್ದು ಪುಣ್ಯವಲ್ಲ ಎಂದು ಅಲ್ಲೇ ಹೇಳಬೇಕಿತ್ತು. ರೈಲು ಹೊರಟುಬಿಟ್ಟಿತು ಎಂದು ನೆವ ಹೇಳುವುದಿಲ್ಲ — ಗಾರ್ಡು ಇನ್ನೂ ಬಾವುಟ ಎತ್ತಿರಲಿಲ್ಲ. ಭಾನುವಾರ ಒಬ್ಬಳೇ ಬರುತ್ತೇನೆ. ಬಾಗಿಲು ತೆಗೆಯುವುದು, ಬಿಡುವುದು ನಿನ್ನಿಷ್ಟ. ಈ ಸಲವಾದರೂ ನಿನ್ನಿಷ್ಟ.