ಮುಖ ಅಳಿಸಿಹೋದ ರಾಣಿ

ನಾನು ಮಹಾ ಪುಕ್ಕಲು. ಗೋಡೆಯಿಂದ ಹಲ್ಲಿ ಬಿದ್ದರೆ ಮಂಚ ಹತ್ತುವವಳು. ಆದರೆ ಪುತ್ತೂರಿನ ಬಾಡಿಗೆ ಕೋಣೆಯಲ್ಲಿ ಇಷ್ಟು ವರ್ಷ ನಾನು ಚಿತ್ರ ಬರೆದದ್ದೆಲ್ಲ ಯುದ್ಧದ ಹೆಂಗಸರದ್ದೇ. ಕುದುರೆ ಏರಿದವಳು, ಕೋಟೆ ಕಾದವಳು, ಮಗುವನ್ನು ಬೆನ್ನಿಗೆ ಕಟ್ಟಿ ಕತ್ತಿ ಬೀಸಿದವಳು. ಹಳೆಯ ಯುದ್ಧಚಿತ್ರಗಳನ್ನು ನೋಡಿಕೊಂಡು ಕ್ಯಾನ್ವಾಸಿನ ಮೇಲೆ ಕೈಯಲ್ಲೇ ನಕಲು ಮಾಡಿಕೊಡುವುದು ನನ್ನ ಕಸುಬು. ಶಾಲೆಯವರು, ಸಭಾಭವನದವರು ಒಯ್ಯುತ್ತಾರೆ. "ನೀನೊಮ್ಮೆ ಕತ್ತಿ ಹಿಡಿ ನೋಡುವ" ಎಂದು ಮನೆಯವರು ಕೀಟಲೆ ಮಾಡುವುದುಂಟು. ನನಗೆ ತರಕಾರಿ ಹೆಚ್ಚುವ ಕತ್ತಿಯೇ ಧಾರಾಳವಾಯಿತು.

ಕಳೆದ ಮಳೆಗಾಲ ಸುಳ್ಯದಿಂದ ಕರೆ ಬಂತು. ಹೈಸ್ಕೂಲಿನಲ್ಲಿ ನನಗೆ ಡ್ರಾಯಿಂಗ್ ಕಲಿಸಿದ ಮಾಷ್ಟ್ರು. ಅವರ ಚಾವಡಿಯಲ್ಲಿ ಒಂದು ದೊಡ್ಡ ಚಿತ್ರ ಇತ್ತು: ಕೋಟೆಯ ಗೋಡೆಯ ಮೇಲೆ ಈಟಿ ಹಿಡಿದ ರಾಣಿ, ಕೆಳಗೆ ಕಡಲಿನಲ್ಲಿ ಉರಿಯುವ ಪರಂಗಿಯವರ ಹಡಗುಗಳು. ಹರೆಯದಲ್ಲಿ ಎಲ್ಲೋ ಹಳೆಯ ಅರಮನೆಯಲ್ಲಿ ಕಂಡ ಚಿತ್ರವನ್ನು ಅವರು ನಕಲು ಮಾಡಿದ್ದು. ಮೂಲದಲ್ಲಿ ರಾಣಿಯ ಮುಖ ಮಾಸಿಹೋಗಿತ್ತಂತೆ. ಆಗಷ್ಟೇ ಮದುವೆಯಾಗಿದ್ದ ಹೆಂಡತಿಯನ್ನು ಸ್ಟೂಲಿನ ಮೇಲೆ ನಿಲ್ಲಿಸಿ, ಕೈಗೆ ಅಡಿಕೆ ಕೊಯ್ಯುವ ದೋಟಿ ಕೊಟ್ಟು, ಅವರ ಮುಖವನ್ನೇ ಬರೆದಿದ್ದರು. ಆ ಅಮ್ಮ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ಹರೆಯದ ಅವರ ಮುಖ ಇದ್ದದ್ದು ಇದೊಂದರಲ್ಲೇ. ಮದುವೆಯ ಗ್ರೂಪ್ ಫೋಟೋದಲ್ಲಿ ತಲೆ ತಗ್ಗಿಸಿ ನಿಂತುಬಿಟ್ಟಿದ್ದರು.

"ಹೆಣ್ಣುಮಕ್ಕಳು ಇಬ್ಬರು, ಚಿತ್ರ ಒಂದೇ. ಇಬ್ಬರಿಗೂ ಬೇಕಂತೆ" ಎಂದರು ಮಾಷ್ಟ್ರು. "ವರ್ಷಾಂತಿಕದ ದಿನಕ್ಕೆ ಇನ್ನೊಂದು ಮಾಡಿ ಕೊಡು. ಆದ್ರೆ ಮೊಬೈಲಲ್ಲಿ ಫೋಟೋ ತೆಗಿಬೇಡ. ತೆಗೆದ್ರೆ ನೀನು ಮತ್ತೆ ಅದನ್ನೇ ನೋಡುದು, ಚಿತ್ರ ನೋಡುದಿಲ್ಲ."

ಮಾಷ್ಟ್ರು ಹೇಳಿದ ಮೇಲೆ ಮುಗಿಯಿತು. ನಾನು ಫೋಟೋ ತೆಗೆಯಲಿಲ್ಲ. ಚಿತ್ರವನ್ನು ಪುತ್ತೂರಿಗೆ ತಂದು ತಿಂಗಳಿಡೀ ಎದುರಿಗಿಟ್ಟು ಬರೆದೆ. ಕೋಟೆ ಆಯಿತು, ಹಡಗು ಆಯಿತು, ಸೀರೆಯ ನೆರಿಗೆ ಆಯಿತು. ಮುಖವನ್ನು ಮಾತ್ರ ಬಿಟ್ಟಿದ್ದೆ. ಉಳಿದದ್ದೆಲ್ಲ ಒಣಗಿದ ಮೇಲೆಯೇ ಮುಖಕ್ಕೆ ಕೈ ಹಾಕುವುದು ನನ್ನ ಪದ್ಧತಿ. ಆದರೆ ಬಿಡದೆ ಮಳೆ ಸುರಿಯುವ ಆಟಿ ತಿಂಗಳ ಥಂಡಿಯಲ್ಲಿ ಎಣ್ಣೆಬಣ್ಣ ಎಲ್ಲಿ ಒಣಗುತ್ತದೆ! ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಮೂಲಚಿತ್ರದ ಹಿಂಬದಿಗೆ ಬೇರೆ ಬೂಸ್ಟು ಹಿಡಿಯತೊಡಗಿತು.

ಕಡಬದಲ್ಲಿ ನಾನು ಚೇಚಿ, ಅಂದರೆ ಅಕ್ಕ, ಎಂದು ಕರೆಯುವವರೊಬ್ಬರು ಇದ್ದಾರೆ. ಕೇರಳದಿಂದ ಬಂದು ನೆಲೆಸಿದ ಮನೆತನ, ರಬ್ಬರ್ ತೋಟ ಉಂಟು. ರಬ್ಬರ್ ಶೀಟು ಒಣಗಿಸುವ ಅವರ ಹೊಗೆಗೂಡಿಗೆ ಆಟಿಯಲ್ಲಿ ಊರಿನ ಒದ್ದೆಯೆಲ್ಲ ಹೋಗುತ್ತದೆ: ಪುನರ್ಪುಳಿ ಸಿಪ್ಪೆ, ಹಪ್ಪಳ, ಮಕ್ಕಳ ಯೂನಿಫಾರ್ಮು. "ನಿಮ್ಮ ರಾಣಿಗೂ ಜಾಗ ಉಂಟು, ತಕೊಂಡು ಬನ್ನಿ ಮಾರಾಯ್ರೆ" ಎಂದರು ಚೇಚಿ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ನಕಲನ್ನು ಒಣಗಿಸಲು ಹೊರಟವಳು, ಬೂಸ್ಟು ಹೋಗಲಿ ಎಂದು ಮೂಲವನ್ನೂ ಕಟ್ಟಿಕೊಂಡು ಹೋಗಿ ಎರಡನ್ನೂ ಗೂಡಿನ ಮೂಲೆಯಲ್ಲಿ ನಿಲ್ಲಿಸಿ ಬಂದೆ.

ಮಾರನೆಯ ದಿನ ಮಧ್ಯಾಹ್ನ ಗೂಡಿನ ಬಾಗಿಲು ತೆರೆದಾಗ ನನ್ನ ಜೀವ ಬಾಯಿಗೆ ಬಂತು. ಹೊಸ ಶೀಟುಗಳಿಗೆಂದು ಯಾರೋ ಹಸಿ ಕಟ್ಟಿಗೆ ತುಂಬಿದ್ದರು. ಎರಡೂ ಚಿತ್ರಗಳ ಮೇಲೆ ಕಂದು ಮಸಿ. ಹೆದರಿದವಳಿಗೆ ಬುದ್ಧಿ ಎಲ್ಲಿರುತ್ತದೆ? ಚೀಲದಲ್ಲಿದ್ದ ಟರ್ಪೆಂಟೈನನ್ನು ಬಟ್ಟೆಗೆ ಸುರಿದು ಮಾಷ್ಟ್ರ ರಾಣಿಯ ಮುಖ ಒರೆಸಿದೆ. ಮೊದಲು ಮಸಿ ಬಂತು. ಆಮೇಲೆ ಕೆನ್ನೆ ಬಂತು. ಬಿಸಿಗೆ ಮೆತ್ತಗಾಗಿದ್ದ ಬಣ್ಣ, ನಾನು ಕೈ ಹಿಂದೆ ತೆಗೆಯುವಷ್ಟರಲ್ಲಿ ಕಣ್ಣು ಮೂಗು ಎಲ್ಲ ಬಟ್ಟೆಗೆ ಬಂದಿತ್ತು. ಚೇಚಿ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು.

ಮುಖವಿಲ್ಲದ ಇಬ್ಬರು ರಾಣಿಯರನ್ನು ಬೆಡ್‌ಶೀಟಿನಲ್ಲಿ ಸುತ್ತಿ ಬಸ್ಸಿನಲ್ಲಿ ತಂದೆ. ಆಮೇಲಿನ ಎಂಟು ದಿನ ಹೇಗೆ ಬದುಕಿದೆನೋ ದೇವರೇ ಬಲ್ಲ. ಫೋನ್ ಹೊಡೆದುಕೊಂಡರೆ ಮಾಷ್ಟ್ರದ್ದೇ ಎಂದು ತಲೆದಿಂಬಿನಡಿ ತುರುಕುತ್ತಿದ್ದೆ. ಮಸಿಯನ್ನೆಲ್ಲ ಹೇಗೋ ಬಿಡಿಸಿದೆ. ಮಾಷ್ಟ್ರಿಗೆ ಕಣ್ಣಿನ ಪೊರೆ ಬಂದಿದೆ, ಸುಮ್ಮನೆ ಎರಡಕ್ಕೂ ಮುಖ ಬರೆದು ಕೊಟ್ಟರೆ ಯಾರಿಗೆ ಗೊತ್ತಾಗುತ್ತದೆ ಎಂದೂ ಯೋಚಿಸಿದೆ. ಸುಳ್ಳು ಯಾಕೆ ಹೇಳಲಿ, ಕುಂಚವನ್ನೂ ಹಿಡಿದೆ. ಕೈ ಗಡಗಡ ನಡುಗಿ ಒಂದು ಗೆರೆಯೂ ನೆಟ್ಟಗೆ ಬರಲಿಲ್ಲ. ಇಬ್ಬರು ಮಕ್ಕಳಿಗೆ ತಾಯಿಯ ಮುಖವೇ ಇಲ್ಲದ ಹಾಗೆ ಮಾಡಿದೆನಲ್ಲ ಎಂದು ಅಡುಗೆಮನೆಯಲ್ಲಿ ಕುಳಿತು ಅತ್ತೆ.

ವರ್ಷಾಂತಿಕದ ಊಟ ಮುಗಿದ ಮೇಲೆ, ಚಾವಡಿಯಲ್ಲಿ ಮಾಷ್ಟ್ರು ಮತ್ತು ಇಬ್ಬರು ಹೆಣ್ಣುಮಕ್ಕಳ ಎದುರಿಗೆ ಬೆಡ್‌ಶೀಟು ಬಿಚ್ಚಿದೆ. ಹೊಗೆಗೂಡು, ಟರ್ಪೆಂಟೈನು, ಎಲ್ಲ ಹೇಳಿದೆ. ಹಿರಿಯ ಮಗಳು ಬಾಯಿಗೆ ಸೆರಗು ಹಿಡಿದುಕೊಂಡು ಅಳತೊಡಗಿದಳು. ಮಾಷ್ಟ್ರು ತಮ್ಮ ಚಿತ್ರದ ಹತ್ತಿರ ಬಗ್ಗಿ ಆ ಖಾಲಿ ಜಾಗವನ್ನು ಬಹಳ ಹೊತ್ತು ನೋಡಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

"ಬಣ್ಣ ತಂದಿದ್ದೀಯಾ?"

"ತಂದಿದ್ದೇನೆ ಮಾಷ್ಟ್ರೆ."

"ಹಾಗಾದ್ರೆ ಕೂತ್ಕೊ. ಒಂದು ತಿಂಗಳು ಅವಳನ್ನು ನೋಡಿದ್ದಿ ಅಲ್ಲ? ಈಗ ಬರೆ."

ಮೂರು ಜನರ ಕಣ್ಣೆದುರು ಬರೆದೆ. ಹಣೆ, ಮೂಗು, ತುಟಿ ಹೇಗೋ ಬಂದವು. ಕಣ್ಣಿಗೆ ಬಂದಾಗ ಕೈ ಮತ್ತೆ ನಡುಗಿತು. ರೆಪ್ಪೆ ಅಗಲವಾಯಿತು, ಕಪ್ಪು ಗುಡ್ಡೆ ಒಂದಿಷ್ಟು ಕೆಳಗೆ ಜಾರಿತು. ಈಟಿ ಹಿಡಿದ ರಾಣಿ ಬೆದರಿದ ಹೆಂಗಸಿನಂತೆ ನೋಡುತ್ತಿದ್ದಳು. ತಿದ್ದಲೆಂದು ಬಟ್ಟೆ ಎತ್ತಿದೆ.

ಮಾಷ್ಟ್ರು ನನ್ನ ಮಣಿಕಟ್ಟು ಹಿಡಿದುಕೊಂಡರು. "ಮುಟ್ಟಬೇಡ" ಎಂದರು. "ಆವತ್ತು ಸ್ಟೂಲಿನ ಮೇಲೆ ಅವಳು ಹೀಗೇ ನಿಂತದ್ದು. ಕಾಲು ನಡುಗ್ತಾ ಇತ್ತು. ಬೀಳ್ತೇನೆ, ಇಳಿಸಿ ಅಂತ ಹೇಳ್ತಾನೇ ಇದ್ಳು. ನಾನು ಇಳಿಸ್ಲಿಲ್ಲ. ರಾಣಿ ಹೆದರ್ಬಾರ್ದು ಅಂತ ಬೇರೆಯೇ ಕಣ್ಣು ಬರೆದುಬಿಟ್ಟೆ."

ಕಿರಿಯ ಮಗಳು ಹತ್ತಿರ ಬಂದು ನೋಡಿ "ಅಮ್ಮ" ಎಂದಳು, ಅಷ್ಟೇ.

ಮಾಷ್ಟ್ರು ಇನ್ನೊಂದು ಕ್ಯಾನ್ವಾಸನ್ನು ನನ್ನ ಕಡೆಗೆ ಸರಿಸಿದರು. "ಇದಕ್ಕೂ ಅದೇ ಕಣ್ಣು ಬರೆ."

ಬರೆದೆ. ಕೈ ಇನ್ನೂ ನಡುಗುತ್ತಲೇ ಇತ್ತು.